ಎರಡು ಜಿಗಿತ, ಒಂದು ಬಾವುಟ

ನಾನು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕಲ್ಲು, ಕಡ್ಡಿ ಬೇರೆಯಾಗುವ ಸದ್ದಿನಲ್ಲಿ ಮನಸ್ಸು ಹಗುರಾಗಿತ್ತು. ನಿನ್ನೆ ನಡೆದದ್ದರ ದುಃಖ ಇತ್ತು, ಆದರೆ ಅದರ ಜೊತೆಗೆ ಒಂದು ಹೆಮ್ಮೆಯೂ ಇತ್ತು. ನನ್ನ ತಮ್ಮ ಪಂದ್ಯ ಸೋತಿದ್ದ, ನನ್ನ ಗಂಡ ಸತ್ಯ ಬಿಡಲಿಲ್ಲ. ಎರಡರಲ್ಲಿ ಒಂದನ್ನಾದರೂ ದೇವರು ಉಳಿಸಿದ ಎಂದುಕೊಂಡು ಆ ಬೆಳಿಗ್ಗೆ ದೀಪಕ್ಕೆ ಒಂದು ಚಮಚ ಎಣ್ಣೆ ಹೆಚ್ಚಿಗೆ ಹಾಕಿದ್ದೆ.

ಅಷ್ಟೂರಿನ ಮುಸಲ್ಮಾನ ಹೆಂಗಸು, ನಾವು ಖಾಲಾ ಎನ್ನುವವಳು, ಬಂದು ಕಟ್ಟೆಯ ಮೇಲೆ ಪಲ್ಲೆಯ ಬುಟ್ಟಿ ಇಳಿಸಿದಳು. ನಾನು ಬೀದರಿಗೆ ಮದುವೆಯಾಗಿ ಬಂದ ದಿನದಿಂದ ಆಕೆಯೇ ನಮ್ಮ ಮನೆಗೆ ಪಲ್ಲೆ ಕೊಡುವವಳು. ಪೊಲೀಸ್ ಆ್ಯಕ್ಷನ್ ಆಗಿ ಅವರ ಜನರ ಮೇಲೆ ಹಲ್ಲೆ ನಡೆದ ವಾರಗಳಲ್ಲಿ ಮಾತ್ರ ಬಂದಿರಲಿಲ್ಲ. ಆಮೇಲೆ ಒಂದು ದಿನ ಬಂದಾಗ ಬುಟ್ಟಿಯಲ್ಲಿ ನಾಲ್ಕೇ ನಾಲ್ಕು ಬದನೆಕಾಯಿ ಇದ್ದವು. ಇಬ್ಬರೂ ಕೂತು ಅತ್ತಿದ್ದೆವು. ಅಂಥವಳು ಸುಳ್ಳು ಹೇಳಲಾರಳು ಎಂದು ನನಗೆ ಗೊತ್ತು.

"ಬೇಟಿ, ನಿನ್ನ ತಮ್ಮ ಎಲ್ಲಿ?" ಎಂದಳು.

"ನಸುಕಿನ್ಯಾಗ ಎದ್ದು ಊರಿಗೆ, ಎಕಂಬಾಕ್ಕ ಹೋದ. ನಡಕೋತನೇ ಹೋದ. ಸೋತರೂ ಕಾಲು ಸುಮ್ಮನಿರಂಗಿಲ್ಲ ಅಂವಂದು."

"ಮಾಸ್ತರು?" ಎಂದು ನನ್ನ ಗಂಡನನ್ನು ಕೇಳಿದಳು.

"ಸಾಲಿಗೆ. ಮಧ್ಯಾಹ್ನ ಊಟಕ್ಕ ಬರ್ತಾರ."

ಖಾಲಾ ಸೆರಗಿನಿಂದ ಮುಖ ಒರಸಿಕೊಂಡು, "ಹಂಗಾರ ಹೇಳ್ತೇನಿ," ಎಂದಳು.

ಅವಳು ಹೇಳಿದ್ದನ್ನು ಬರೆಯುವ ಮೊದಲು ಹಿಂದಿನದು ಸ್ವಲ್ಪ ಹೇಳಬೇಕು.

ನನ್ನ ತಮ್ಮ ನಿಜಾಮರ ಕಾಲದಲ್ಲಿ ಔರಾದ ಕಡೆಯ ಹಳ್ಳಿಗಳಿಗೆ ಟಪಾಲು ಹೊರುತ್ತಿದ್ದ. ಹೆಗಲಿಗೆ ಚೀಲ, ಕೈಯಲ್ಲಿ ಕೋಲು. ಎಕಂಬಾ, ಡಾಬಕಾ ಎಲ್ಲ ಅವನ ಕಾಲಿಗೆ ಅಂಗಳವಿದ್ದ ಹಾಗೆ. ಗಲಾಟೆಯ ದಿನಗಳಲ್ಲಿ ನಮ್ಮ ಸುದ್ದಿ ತಿಳಿಯದೆ, ದಾರಿ ಬಿಟ್ಟು ಹೊಲಗಳಲ್ಲೇ ನಡೆದು ಬೀದರಿಗೆ ಬಂದು, ನಾವು ಜೀವಂತ ಇರುವುದನ್ನು ನೋಡಿ, ಒಂದು ತಂಬಿಗೆ ಮಜ್ಜಿಗೆ ಕುಡಿದು ಹಾಗೇ ತಿರುಗಿ ನಡೆದಿದ್ದ. ರಾಜ್ಯ ಬದಲಾಯಿತು, ಮೋಟಾರು ಬಂತು, ಟಪಾಲು ಮೋಟಾರು ಹತ್ತಿತು. ನಡೆಯುವವನಿಗೆ ಕೆಲಸ ಇಲ್ಲದಾಯಿತು.

ಆಗ ನನ್ನ ಗಂಡನ ಸಾಲೆಯ ಡ್ರಿಲ್ ಮಾಸ್ತರರು ಅವನನ್ನು ಕಂಡರು. ಅವರು ಹಿಂದೆ ಫೌಜಿನಲ್ಲಿದ್ದವರು. ದೊಡ್ಡ ಯುದ್ಧದ ವೇಳೆ ಇಟಲಿಯ ಕೈದಿಗಳನ್ನು ಕಾಯುವ ಕೆಲಸ ಮಾಡಿದ್ದರು. ಆ ಕೈದಿಗಳಲ್ಲಿ ಒಬ್ಬ ತನ್ನ ದೇಶದಲ್ಲಿ ನಡಿಗೆಯ ಪಂದ್ಯ ಗೆಲ್ಲುತ್ತ ಬಂದವನಂತೆ. ಓಟವಲ್ಲ, ನಡಿಗೆ. ನಮ್ಮ ಪಡಸಾಲೆಯಲ್ಲೇ ಚಹಾ ಕುಡಿಯುತ್ತ ಅವರು ಅವನ ಕಥೆ ಹೇಳಿದರು. ಅವನು ಕಟ್ಟಡ ಕಟ್ಟುವವನ ಮಗನಂತೆ. ಕೆಲಸಕ್ಕೆ ನಡೆದು ಹೋಗುತ್ತ ಹೋಗುತ್ತ ಊರು ಗೆದ್ದ, ಸೀಮೆ ಗೆದ್ದ, ದೇಶ ಗೆದ್ದ. ಒಮ್ಮೆ ಕಾಲು ನೆಲ ಬಿಟ್ಟಿತೆಂದು ಅವನನ್ನೂ ಹೊರಗೆ ಹಾಕಿದ್ದರಂತೆ. ಮರುವರ್ಷ ಅದೇ ದಾರಿಯಲ್ಲಿ ಅದೇ ಪಂದ್ಯ ಗೆದ್ದನಂತೆ. ಕೈದಾದ ಮೇಲೂ ತಂತಿ ಬೇಲಿಯ ಗುಂಟ ದಿನವಿಡೀ ನಡೆಯುತ್ತಿದ್ದನಂತೆ.

"ಕಾನೂನು ಒಂದೇ ನೋಡ್ರಿ," ಎಂದು ಡ್ರಿಲ್ ಮಾಸ್ತರರು ಎದ್ದು ತೋರಿಸಿದರು. "ಮುಂದಿನ ಕಾಲು ನೆಲ ಮುಟ್ಟೂತನಕ ಹಿಂದಿನ ಕಾಲು ನೆಲ ಬಿಡಬಾರದು. ಎರಡೂ ಬಿಟ್ರ ಅದು ಓಟ. ಬಾವುಟ ಎತ್ತಿದ್ರ ಮುಗೀತು."

ತಮ್ಮ ಕಲಿತ. ಆ ನಡಿಗೆಯಲ್ಲಿ ಸೊಂಟ ಆಚೆ ಈಚೆ ತಿರುಗುತ್ತದೆ. ಎಕಂಬಾದ ಹೆಂಗಸರು ಬಾವಿಯ ಹತ್ತಿರ ನಿಂತು, "ಏನಪಾ, ಕೊಡ ಮನ್ಯಾಗ ಮರತು ಬಂದಿ ಏನ?" ಎಂದು ಕೇಳುತ್ತಿದ್ದರಂತೆ. ಅವನು ನಿಲ್ಲದೆಯೇ, "ತುಂಬಿ ಇಡ್ರಿ ವೈನಿ, ಬರೂ ಮುಂದ ಒಯ್ತೇನಿ," ಎನ್ನುತ್ತಿದ್ದನಂತೆ.

ಪಂದ್ಯ ಗೊತ್ತಾಯಿತು. ಕಿಲ್ಲಾದ ಬಾಗಿಲಿನಿಂದ ಅಷ್ಟೂರಿನವರೆಗೆ ಹೋಗಿ ತಿರುಗಿ ಬರುವುದು, ಮೂರು ಸಲ. ಗೆದ್ದವನು ಗುರುವಾರ ಡ್ರಿಲ್ ಮಾಸ್ತರರ ಜೊತೆ ಹೈದರಾಬಾದಿನ ಪಂದ್ಯಕ್ಕೆ ಹೋಗುತ್ತಾನೆ. ಅಲ್ಲಿ ಹೆಸರು ಮಾಡಿದರೆ ಯಾವುದಾದರೂ ಸಾಲೆಯಲ್ಲಿ ಡ್ರಿಲ್ ಕಲಿಸುವ ಕೆಲಸ ಕೊಡಿಸುತ್ತೇನೆಂದು ಡ್ರಿಲ್ ಮಾಸ್ತರರು ಮಾತು ಕೊಟ್ಟಿದ್ದರು. ತಮ್ಮನಿಗೆ ನಡಿಗೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆ ಗುರುವಾರದ ಮೇಲೆ ಅವನ ಬಾಳೆಲ್ಲ ನಿಂತಿತ್ತು.

ದಾರಿ ತಿರುಗುವ ಕಡೆಗಳಲ್ಲಿ ಬಾವುಟ ಹಿಡಿದು ನಿಲ್ಲಲು ಸಾಲೆಯ ಮಾಸ್ತರರನ್ನೇ ಹಾಕಿದರು. ಅಷ್ಟೂರಿನ ತಿರುವಿಗೆ ನನ್ನ ಗಂಡ.

ಅವರು ಕಲಿತದ್ದು ಉರ್ದುವಿನಲ್ಲಿ. ಸಾಲೆಗಳು ಕನ್ನಡಕ್ಕೆ ತಿರುಗಿದ ಮೇಲೆ ಅವರ ನೌಕರಿ ಅಲುಗಾಡತೊಡಗಿತ್ತು. ನನಗೆ ಅಪ್ಪ ವಚನ ಓದಿಸುವುದಕ್ಕೆಂದು ಕನ್ನಡ ಅಕ್ಷರ ಕಲಿಸಿದ್ದ. ಸಂಜೆ ಹೊತ್ತು ನಾನೇ ಅವರಿಗೆ ಹಲಗೆಯ ಮೇಲೆ ತಿದ್ದಿಸಿದೆ. ಗಂಡನಿಗೆ ಹೆಂಡತಿ ಕಲಿಸುವುದೇ ಎಂದು ಅತ್ತೆ ನಕ್ಕರೂ ಅವರು ಬೇಸರ ಮಾಡಿಕೊಳ್ಳಲಿಲ್ಲ. ಅದೂ ದೇವರ ದಯೆಯೇ. ಇನ್ನು ನೌಕರಿ ಕಾಯಂ ಆಗಲು ಸಾಲೆ ಇನ್ಸ್‌ಪೆಕ್ಟರರ ಒಂದು ಕಾಗದ ಬೇಕಿತ್ತು. ಪಂದ್ಯಕ್ಕೆ ಭಾಲ್ಕಿಯಿಂದ ಬಂದಿದ್ದವನು ಅದೇ ಇನ್ಸ್‌ಪೆಕ್ಟರರ ತಂಗಿಯ ಮಗ. ಅದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದಕ್ಕೆ ನಾನು ಯಾವ ಅರ್ಥವನ್ನೂ ಹಚ್ಚಿರಲಿಲ್ಲ.

ನನ್ನದೂ ಒಂದು ತಪ್ಪಿದೆ. ಪಂದ್ಯದ ಹಿಂದಿನ ದಿನ ಲಿಂಗಪೂಜೆ ಮುಗಿಸಿ, ಪೂಜೆಯ ಬಿಲ್ವಪತ್ರೆಯನ್ನೂ ಹೂವನ್ನೂ ಬುಟ್ಟಿಗೆ ಹಾಕಿ ಖಾಲಾಳ ಕೈಯಲ್ಲಿ ಅಷ್ಟೂರಿನ ನಮ್ಮವರ ಮನೆಗೆ ಕಳಿಸಿದೆ. ತಮ್ಮ ಬಂದಾಗ ತಲೆಯ ಮೇಲೆ ಹಾಕಿರಿ ಎಂದು ಹೇಳಿ ಕಳಿಸಿದೆ. ಪಂದ್ಯದವರು ನಿಲ್ಲುವುದಿಲ್ಲ ಎಂಬುದು ನನಗೂ ಹೊಳೆಯಲಿಲ್ಲ, ಆ ಮನೆಯ ಹೆಂಗಸರಿಗೂ ಹೊಳೆಯಲಿಲ್ಲ. ಮೂರನೆಯ ಸಲ ಅವನು ಎಲ್ಲರಿಗಿಂತ ಮುಂದೆ ಬರುವುದನ್ನು ಕಂಡು ಅವರು ಸಂತೋಷದಿಂದ ಬುಟ್ಟಿಯನ್ನೇ ಚೆಲ್ಲಿದರು. ತಲೆಗೆ ತಲುಪಲಿಲ್ಲ, ದಾರಿಯ ಅಗಲಕ್ಕೂ ಕೆಂಪು ಮಣ್ಣಿನ ಮೇಲೆ ಬಿದ್ದವು. ಲಿಂಗದ ಮೇಲಿನ ಪತ್ರಿಯನ್ನು ತುಳಿಯಲು ನಮ್ಮಲ್ಲಿ ಯಾರ ಕಾಲು ತಾನೇ ಏಳುತ್ತದೆ? ತಮ್ಮ ಜಿಗಿದು ದಾಟಿದ. ನನ್ನ ಗಂಡ ಬಾವುಟ ಎತ್ತಿದರು. ತಮ್ಮ ಹೊರಗಾದ, ಭಾಲ್ಕಿಯವನು ಗೆದ್ದ.

ಆ ಸಂಜೆ ತಮ್ಮ ನಮ್ಮ ಮನೆಯಲ್ಲಿ ಬಿಸಿನೀರಿನಲ್ಲಿ ಕಾಲಿಟ್ಟು ಕೂತು, "ನಾ ಹಾರಿದ್ದು ಖರೆ ಅಕ್ಕಾ. ಮಾಮಾ ನೋಡಿದ್ದೂ ಖರೆ," ಎಂದ. ತನ್ನ ಭಾವನನ್ನು ಅವನು ಮಾಮಾ ಎನ್ನುತ್ತಿದ್ದ. "ಹೆಂಡತಿ ತಮ್ಮ ಅಂತ ಬಿಟ್ಟಿದ್ರ ನಾಳಿ ಜನಾ ಮಾಮಾಗ ಅಂತಿದ್ರು. ಆ ಇಟಲಿಯಾಂವನ್ನೂ ಒಮ್ಮೆ ತಗದಿದ್ರಲ್ಲ. ಮುಂದಿನ ವರ್ಷ ನೋಡೋಣು." ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೂ ನೋವಾಗಿದೆ ಎಂದುಕೊಂಡು ನಾನು ಇನ್ನೊಂದು ರೊಟ್ಟಿ ಹಾಕಿದೆ.

ಖಾಲಾ ಹೇಳಿದ್ದು ಇಷ್ಟು.

"ನಿನ್ನ ತಮ್ಮನ ಹಿಂದ ಇಪ್ಪತ್ತು ಹೆಜ್ಜಿ ಮ್ಯಾಲ ಭಾಲ್ಕಿಯಾಂವ ಬಂದ ಬೇಟಿ. ಅಂವನೂ ನಿಮ್ಮಾಂವನೇ ಅಲಾ, ಕೊರಳಾಗ ಲಿಂಗ ಇತ್ತು. ಪತ್ರಿ ಕಂಡು ಅಂವನೂ ಹಾರಿದ. ನಿನ್ನ ತಮ್ಮನಕಿಂತ ಎತ್ತರ ಹಾರಿದ."

"ಬಾವುಟ?"

"ಮಾಸ್ತರು ಬಾವುಟ ಬಗಲಾಗ ಇಟಗೊಂಡು ಚಷ್ಮಾ ಒರಸಲಿಕ್ಕ ಹತ್ತಿದ್ರು."

"ಕಾಣಿಸಿರಲಿಕ್ಕಿಲ್ಲ ಖಾಲಾ."

"ಅಂವ ಬರೂದು ನೋಡಿನೇ ಚಷ್ಮಾ ತಗದ್ರು. ಅಂವ ಹೋದ ಮ್ಯಾಲ ಹಾಕ್ಕೊಂಡ್ರು. ನಾ ಬಾಜೂಕ ನಿಂತಿದ್ದೆ. ಸುಳ್ಳು ಹೇಳಿ ನನಗೇನು ಬರೂದದ?"

ಆಕೆ ಒಂದು ಕಟ್ಟು ಮೆಂತೆ ಇಟ್ಟು, ಏನೂ ತೆಗೆದುಕೊಳ್ಳದೆ ಹೋದಳು. ಹಸನಾದ ಜೋಳ, ಹಸನಾಗದ ಜೋಳ ಎರಡನ್ನೂ ನಾನು ಒಂದೇ ಡಬ್ಬಿಗೆ ಸುರಿದೆನೆಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಅವರು ಬಂದು ಕೈಕಾಲು ತೊಳೆದರು. ನಾನು ಊಟಕ್ಕೆ ಎಡೆ ಮಾಡಲಿಲ್ಲ.

"ಎರಡನೇದಾಂವ ಹಾರಿದಾಗ ಬಾವುಟ ಯಾಕ ಏಳಲಿಲ್ರಿ?"

ಅವರು ಗೋಡೆಗೆ ಬೆನ್ನು ಕೊಟ್ಟು ಕೂತರು. ಯಾರು ಹೇಳಿದರು ಎಂದು ಕೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಅಷ್ಟು ಮಾತ್ರ ಅವರ ಕಡೆಗೆ ಬರೆದುಕೊಳ್ಳುತ್ತೇನೆ.

"ಧೈರ್ಯ ಆಗಲಿಲ್ಲ," ಎಂದರು.

"ಮೊದಲನೇದಾಂವಗ ಹ್ಯಾಂಗ ಆತು?"

ಅದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅಂವ ನಮ್ಮಾಂವ. ತಡಕೋತಾನ."

ಪರರಿಗೆ ಹೆದರಿದವರನ್ನು ನಾನು ಎಷ್ಟೋ ಮಂದಿ ನೋಡಿದ್ದೆ. ಆ ವರ್ಷಗಳಲ್ಲಿ ಹೆದರದವರು ಯಾರಿದ್ದರು? ಆದರೆ ನಮ್ಮವನೆಂಬ ಕಾರಣಕ್ಕೇ ಒಬ್ಬನ ಕುತ್ತಿಗೆಯ ಮೇಲೆ ಕಾಲಿಡಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಹೊಲ ಹಾದು ಬಂದು ನಮ್ಮ ಜೀವ ನೋಡಿ ಹೋದವನು ಅವನು.

"ಡ್ರಿಲ್ ಮಾಸ್ತರು ಗುರುವಾರತನಕ ಇಲ್ಲೇ ಇರ್ತಾರ," ಎಂದೆ. "ಈಗ ಹೋಗ್ರಿ. ಇಬ್ಬರೂ ಹಾರಿದ್ರು, ನಾ ಒಬ್ಬಂದೇ ಹೇಳೇನಿ ಅಂತ ಹೇಳ್ರಿ. ಇಬ್ಬರನ್ನೂ ತಗೀಲಿ, ಇಲ್ಲಾ ಇಬ್ಬರನ್ನೂ ಮತ್ತ ನಡಸಲಿ. ಅವ್ರು ಕೇಳೂ ಮನಷ್ಯಾ ಇದ್ದಾರ."

"ನೌಕರಿ ಹೋದ್ರ?"

"ರೊಟ್ಟಿ ಬಡದು ಮಾರ್ತೇನಿ."

ಅವರು ಎದ್ದರು. ಟೋಪಿ ಹಾಕಿಕೊಂಡರು. ಚಪ್ಪಲಿ ಮೆಟ್ಟಿ ಬಾಗಿಲು ದಾಟಿದರು. ನಾನು ಒಳಗಿನಿಂದಲೇ ಗುರುವಿನ ಹೆಸರು ಹೇಳುತ್ತ ಕೂತೆ. ಓಣಿಯ ತಿರುವಿನವರೆಗೆ ಅವರ ಚಪ್ಪಲಿಯ ಸಪ್ಪಳ ಕೇಳಿತು, ನಿಂತಿತು, ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಅದೇ ಸಪ್ಪಳ ಮನೆಯ ಕಡೆಗೆ ತಿರುಗಿತು. ಒಳಗೆ ಬಂದು ಟೋಪಿಯನ್ನು ಗೂಟಕ್ಕೆ ಹಾಕಿದರು.

"ಅಂವಗ ಹೇಳಬ್ಯಾಡ," ಎಂದರು. "ನನ್ನ ಮ್ಯಾಲ ಭಾಳ ನಂಬಿಕಿ ಇಟ್ಟಾನ."

"ಹೇಳ್ತೇನ್ರಿ," ಎಂದೆ. "ನೀವು ಹೇಳಿದ್ರ ಛಲೋ ಇತ್ತು."

ಗುರುವಾರ ಭಾಲ್ಕಿಯವನು ಹೈದರಾಬಾದಿಗೆ ಹೋದ. ನನ್ನ ಗಂಡನ ನೌಕರಿ ಕಾಯಂ ಆಯಿತು. ಆ ಅನ್ನವನ್ನು ನಾನೂ ಉಂಡಿದ್ದೇನೆ, ಉಂಡಿಲ್ಲ ಎನ್ನುವುದಿಲ್ಲ. ಪಂಚಮಿಗೆ ತವರಿಗೆ ಹೋದಾಗ ತಮ್ಮನಿಗೆ ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ. ಮುಂದಿನ ವರ್ಷ ಎಂಬ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಔರಾದದ ಸಂತೆಗೆ ಕುರಿ ಹೊಡೆದುಕೊಂಡು ಹೋಗುವ ಕೆಲಸ ಹಿಡಿದ. ಬೀದರಿಗೆ ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನನ್ನು ಮಾತಾಡಿಸಿ ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಬರುವುದನ್ನೇ ಬಿಡಲಿಲ್ಲವಲ್ಲ, ಅದು ನನ್ನ ಪುಣ್ಯ.

ಆದರೆ ಆ ಮಧ್ಯಾಹ್ನ ಇದು ಯಾವುದೂ ಇನ್ನೂ ಆಗಿರಲಿಲ್ಲ. ಅವರು ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದರು. ನಾನು ಎಡೆ ಮಾಡಿ ಅವರ ಮುಂದೆ ಸರಿಸಿ, ಒಲೆಯ ಬೂದಿ ಬಳಿದು ಹೊರಗೆ ಚೆಲ್ಲಿ ಬಂದೆ. ಒಲೆಯ ಒಂದು ಕಡೆ ಬಿರುಕು ಬಿಟ್ಟಿತ್ತು. ಸೆಗಣಿಗೆ ಮಣ್ಣು ಕಲಸಿ, ಸಂಜೆಯ ಅಡುಗೆಗೆ ಒಣಗಬೇಕಲ್ಲ ಎಂದು ಸಾರಿಸತೊಡಗಿದೆ.