ಒಬ್ಬರೇ ಮಾತಾಡುವ ಪದ್ಯ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೆನ್ನೈನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಹತ್ತೊಂಬತ್ತನೆಯ ಶತಮಾನದ ಸಾಹಿತ್ಯದ ಪೇಪರಿನಲ್ಲಿ ಫೇಲಾದೆ. ಆ ಕಾಲದ ಕವಿಗಳ ಹೆಸರುಗಳೂ ಪಾರಿಭಾಷಿಕ ಪದಗಳೂ ಬಾಯಿಪಾಠವಾಗಿದ್ದವು, ಅರ್ಥವಾಗಿರಲಿಲ್ಲ. ಅದರಲ್ಲೂ ‘ಡ್ರಮ್ಯಾಟಿಕ್ ಮೊನೊಲಾಗ್’. ಪದ್ಯದಲ್ಲಿ ಒಬ್ಬರೇ ಮಾತಾಡುತ್ತಾರೆ, ಕೇಳುವವರ ದನಿ ನಮಗೆ ಕೇಳಿಸುವುದಿಲ್ಲ, ಆದರೂ ಆಡಿದ ಮಾತಿನಲ್ಲೇ ಆಡಿದವರ ಸ್ವಭಾವ ಹೊರಬೀಳುತ್ತದೆ ಎಂದು ಗೈಡಿನಲ್ಲಿತ್ತು.

ಫಲಿತಾಂಶ ಬಂದ ಸಂಜೆ ಪೆರಂಬೂರಿನ ನಮ್ಮ ಮನೆಗೆ ದೊಡ್ಡಮ್ಮ ಮೈಸೂರಿನಿಂದ ಫೋನ್ ಮಾಡಿದರು. ಅಡುಗೆಮನೆಯಲ್ಲಿದ್ದ ನನಗೆ ಅಮ್ಮನ ಮಾತು ಮಾತ್ರ ಕೇಳುತ್ತಿತ್ತು.

“ಹೌದಕ್ಕಾ, ಒಂದು ಪೇಪರ್ ಉಳ್ಕೊಂಡಿದೆ, ಇಲ್ಲಿ ಅರಿಯರ್ಸ್ ಅಂತಾರೆ... ಓದು ಯಾಕೆ ಬಿಡಿಸ್ಬೇಕು?... ಗಂಡಿನ ಕಡೆಯವ್ರು ಕಾಯಲ್ಲ ಅಂದ್ರೆ ಹೋಗ್ಲಿ... ನನ್ನ ಎಸೆಸೆಲ್ಸಿಗೇ ಬಿಡಿಸಿದ್ರಲ್ಲ, ಯಾರಾದ್ರೂ ನನ್ನ ಕೇಳಿದ್ರಾ? ಇವಳು ಮತ್ತೆ ಬರೀತಾಳೆ, ಅಷ್ಟೇ.”

ದೊಡ್ಡಮ್ಮ ಏನೇನು ಕೇಳಿರಬಹುದೆಂದು ಗೊತ್ತಾಯಿತು. ಅಮ್ಮ ಎಂಥವಳೆಂಬುದು ಇನ್ನೂ ಚೆನ್ನಾಗಿ ಗೊತ್ತಾಯಿತು. ತನ್ನ ಓದು ನಿಂತದ್ದರ ಬಗ್ಗೆ ಅವಳು ನನ್ನೆದುರು ಎಂದೂ ಮಾತಾಡಿದವಳಲ್ಲ.

ಮರುದಿನದಿಂದ ಗೈಡನ್ನು ಬದಿಗಿಟ್ಟು ಪದ್ಯಗಳನ್ನೇ ಗಟ್ಟಿಯಾಗಿ ಓದತೊಡಗಿದೆ. ಎದುರಿಗಿದ್ದವರು ಏನೆಂದಿರಬಹುದೆಂದು ಸಾಲುಸಾಲಿಗೂ ನಿಂತು ಊಹಿಸಿದೆ.

“ಯಾರ ಹತ್ರ ಜಗಳ ಆಡ್ತಿದೀಯೆ?” ಅಂದಳು ಅಮ್ಮ.

ಮುಂದಿನ ಸಲದ ಪರೀಕ್ಷೆಯಲ್ಲಿ ಡ್ರಮ್ಯಾಟಿಕ್ ಮೊನೊಲಾಗಿನ ಪ್ರಶ್ನೆಗೇ ಮೊದಲು ಉತ್ತರ ಬರೆದೆ. ಪಾಸಾದೆ.