ಚೆಂಡಿಗೆ ಎದೆಯೊಡ್ಡಿದ ಜೇಬೆಜ್

ಆಟದ ಅಂಕಣ ಉಬ್ಬುತಗ್ಗಾಗಿದ್ದ ಹಿಂದಿನ ಕಾಲದಲ್ಲಿ, ಇಂಗ್ಲೆಂಡಿನ ಸಸೆಕ್ಸ್ ಕ್ರಿಕೆಟ್ ತಂಡದಲ್ಲಿ ಜೇಬೆಜ್ ಟಪೆನ್ ಇಪ್ಪತ್ತಾರು ಬೇಸಿಗೆ ಮಾಡಿದ್ದು ಒಂದೇ ಘನಕಾರ್ಯ: ವಿಕೆಟ್ ಕೀಪರನ ಹಿಂದೆ ದೂರದಲ್ಲಿ ನಿಂತು, ಆ ದೊಡ್ಡಮನುಷ್ಯ ಬಿಟ್ಟ ಚೆಂಡಿಗೆ ಎದೆಯೊಡ್ಡುವುದು. ಚಪ್ಪಾಳೆ ಕೀಪರನಿಗೆ, ಪೆಟ್ಟು ಇವನಿಗೆ. ಈಚೆಗೆ ಕೆಮ್ಮಿದರೆ ರಕ್ತ ಬರುತ್ತಿತ್ತು. ಹೆಂಡತಿ ಕೆಜಾಯಾಗೆ ನಿದ್ದೆಯಿರಲಿಲ್ಲ.

“ಸಾಕು ಮಾಡ್ರಿ. ನಿಮ್ಮೆದೆ ಏನು ಕೋಟೆಗೋಡೆನಾ?”

“ನಾನಿಲ್ದಿದ್ರೆ ಚೆಂಡು ಸಮುದ್ರಕ್ಕೇ ಹೋಗುತ್ತೆ ಕಣೆ.”

ಮೇ ತಿಂಗಳಲ್ಲಿ ತಂಡದ ನಾಯಕ ಬಾಗಿಲಿಗೇ ಬಂದ. “ಟಪೆನ್, ಈಗ ಅಂಕಣ ನುಣುಪಾಗಿದೆ, ಚೆಂಡು ಅಡ್ಡಾದಿಡ್ಡಿ ಎಗರಲ್ಲ, ಕೀಪರೇ ಹಿಡೀತಾನೆ. ಇನ್ಮೇಲೆ ನಿನ್ನ ಜಾಗದಲ್ಲಿ ಯಾರನ್ನೂ ನಿಲ್ಲಿಸಲ್ಲ.”

ಕೆಜಾಯಾ ಬಯಸಿದ್ದೇ ಆಗಿತ್ತು, ಆದರೂ ಮೈ ಉರಿಯಿತು. “ಅಲ್ಲಿ ಯಾರೂ ಬೇಡ ಅಂತ ತಿಳಿಯೋಕೆ ಇವರ ಪಕ್ಕೆಲುಬು ಎಷ್ಟು ಮುರೀಬೇಕಾಯ್ತು, ಧಣಿ?”

ನಾಯಕ ಟೋಪಿ ಹಾಕಿಕೊಂಡು ಹೊರಟ. ಜೇಬೆಜ್ ಮಾತ್ರ ಅವನ ಹಿಂದೆಯೇ ಓಡಿದ. “ಧಣಿ, ಕೀಪರು ಚೆಂಡು ಬಿಟ್ರೆ?”

“ನಾಲ್ಕು ರನ್ ಹೋಗುತ್ತೆ ಟಪೆನ್, ಅಷ್ಟೇ.”