ಬೀಡಿ ಕಟ್ಟುವ ಅಂಗಳದಲ್ಲಿ ಓದಿದವರು

ನಿಪ್ಪಾಣಿಯ ಅಕ್ಕನ ಮನೆಗೆ ಹೋದದ್ದು ಒಂದು ಟ್ರಂಕ್ ತರಲು. ಅದರಲ್ಲಿ ಅಪ್ಪ ಕೂಡಿಹಾಕಿದ್ದ ಪುಸ್ತಕಗಳಿದ್ದವು. ಅಪ್ಪ ಬಸ್ ಕಂಡಕ್ಟರ್. ಅಥಣಿಯ ರದ್ದಿ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದರು: ಹಾವು, ನಕ್ಷತ್ರ, ಮನುಷ್ಯನ ದೇಹ, ಸೇತುವೆ ಕಟ್ಟುವ ಬಗೆ, ಯಾರದೋ ಮರುಭೂಮಿಯ ಪ್ರವಾಸ, ಕೊನೆಯ ಪುಟಗಳಿಲ್ಲದ ಪತ್ತೇದಾರಿ ಕಾದಂಬರಿ.

ಚಿಕ್ಕೋಡಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಗ್ರಂಥಾಲಯದವರು ಒಂದು ಕಪಾಟು ಕೊಡಲು ಒಪ್ಪಿದ್ದರು. ಅದಕ್ಕೆ ಅಂಟಿಸಲು ಚೀಟಿಯನ್ನೂ ಬರೆದಿದ್ದೆ: ಅವ್ವ ಮತ್ತು ಓಣಿಯ ಹೆಂಗಸರು ಬೀಡಿ ಕಟ್ಟುವಾಗ ನಾನು ಅವರಿಗೆ ಓದಿ ಹೇಳಿದ ಪುಸ್ತಕಗಳಿವು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ. ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ಅಂಗಳವೊಂದನ್ನು ಮಾತ್ರ ಅನುಮಾನಿಸಿರಲಿಲ್ಲ.

ಅಕ್ಕನ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ. ಚೀಟಿಯನ್ನು ನಾನೇ ಓದಿ ಹೇಳಿದೆ.

“ನೀ ಓದಿದ್ಯಾ?” ನಕ್ಕಳು. “ಲೇ ಮಾಸ್ತರ, ನೀ ತಂಬಾಕ ಚೀಲದ ಮ್ಯಾಲ ಮಲಕೊಂತಿದ್ದಿ. ಓದಾಕಿ ನಾ.”

“ಹಾವಿಗೆ ಕಿವಿ ಇಲ್ಲ ಅಂದಾಗ ಎಲ್ಲಾರೂ ನಕ್ಕಿದ್ದು ನನಗ ನೆನಪೈತಿ.”

“ನಕ್ಕಿದ್ದು ಖರೇನ. ಯಾವ ಭಾಷಾದಾಗ ಹೇಳಿದಿ?”

 ಅವ್ವನನ್ನು ಬಿಟ್ಟರೆ ಅಲ್ಲಿದ್ದವರದೆಲ್ಲ ಮರಾಠಿ. ಪುಸ್ತಕಗಳು ಕನ್ನಡದವು. ಒಂದೊಂದು ಸಾಲನ್ನೂ ಕಣ್ಣಲ್ಲೇ ಓದಿಕೊಂಡು ಮರಾಠಿಯಲ್ಲಿ ಹೇಳಬೇಕಿತ್ತು. ನನ್ನ ಮರಾಠಿ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು. ನನ್ನ ನೆನಪಿನಲ್ಲಿ ನಾನು ಕನ್ನಡದಲ್ಲಿ ಓದುತ್ತೇನೆ, ಅವರು ಸರಿಯಾದ ಜಾಗದಲ್ಲಿ ನಗುತ್ತಾರೆ. ಇಷ್ಟು ವರ್ಷ ಇದು ಹೊಳೆದಿರಲಿಲ್ಲ.

ಆದರೂ ಪರೀಕ್ಷಿಸಿದೆ. ದೇಹದ ಪುಸ್ತಕ ತೆಗೆದು, “ಶ್ವಾಸಕೋಶವು ಸ್ಪಂಜಿನಂತೆ ಇರುತ್ತದೆ,” ಎಂದು ಓದಿದೆ.

“ಫುಫ್ಫುಸ ಸ್ಪಂಜಾಸಾರಖಂ ಅಸತಂ,” ಎಂದಳು, ತಡವರಿಸದೆ. ಅಲ್ಲಿಗೇ ನಿಲ್ಲಿಸಲಿಲ್ಲ. ನಾನಿನ್ನೂ ಓದದ ಮುಂದಿನ ಎರಡು ಸಾಲನ್ನೂ ಮರಾಠಿಯಲ್ಲೇ ಹೇಳಿದಳು. ಪುಟ ನೋಡಿಕೊಂಡೆ. ನನಗೆ ತಿಳಿದ ಮಟ್ಟಿಗೆ ಸರಿಯಾಗಿತ್ತು. ಅಂಚಿನಲ್ಲಿ ತಂಬಾಕಿನ ಕಂದು ಬೆರಳಚ್ಚುಗಳಿದ್ದವು. ಅವು ಯಾರ ಬೆರಳಿನವೂ ಆಗಬಹುದು.

ಬೀಡಿ ಕಟ್ಟಲೆಂದು ಏಳನೆಯ ತರಗತಿಗೇ ಅಕ್ಕನ ಶಾಲೆ ಬಿಡಿಸಿದ್ದರು. ನನ್ನದನ್ನು ಬಿಡಿಸಲಿಲ್ಲ.

“ಚೀಟಿ ಬದಲ ಮಾಡ್ತೀನಿ. ನೀ ಓದಿದ್ದು ಅಂತ ಬರೀತೀನಿ.”

“ಯಾರ ನೋಡ್ತಾರ ಅದನ್ನ? ಟ್ರಂಕ್ ಒಯ್ಯಿ, ಜ್ವಾಳದ ಚೀಲಕ್ಕ ಜಾಗಾ ಆಗತೈತಿ.”

“ಹಂಗಾರ ಈಗ ನಾ ಓದ್ತೀನಿ, ಕೇಳು.”

ನಕ್ಷತ್ರಗಳ ಪುಸ್ತಕ ತೆರೆದು, ತರಗತಿಯಲ್ಲಿ ಓದುವ ಹಾಗೆ ಓದಿದೆ. ಅರ್ಧ ಪುಟದವರೆಗೆ ಅಕ್ಕ ತಾಳಿಕೊಂಡಳು.

“ಸಾಕ ಬಿಡೋ. ನಿನಗ ಓದಾಕ ಬರೂದಿಲ್ಲ. ಟೀವಿ ಹಚ್ಚು.”

ಹಚ್ಚಿದೆ.

ಪುಸ್ತಕಗಳು ಈಗ ಕಾಲೇಜಿನ ಕಪಾಟಿನಲ್ಲಿವೆ. ಚೀಟಿ ಅಂಟಿಸಿಲ್ಲ, ಒಂದು ಪುಸ್ತಕವನ್ನೂ ಯಾರೂ ಓದಲು ಒಯ್ದಿಲ್ಲ. ಅವ್ವ ಇಲ್ಲ, ಆ ಹೆಂಗಸರಲ್ಲೂ ಯಾರೂ ಉಳಿದಿಲ್ಲ. ಈಚೆಗೆ ಕಣ್ಣು ಮುಚ್ಚಿದರೆ ಅಂಗಳದ ನಡುವೆ ಅಕ್ಕ ಓದುತ್ತ ಕೂತಿರುವುದು ಸ್ಪಷ್ಟವಾಗಿ ಕಾಣುತ್ತದೆ, ದನಿಯೂ ಕೇಳುತ್ತದೆ. ಅದು ನೆನಪಲ್ಲ, ಅವಳು ಹೇಳಿದ ಮೇಲೆ ನಾನು ಕಟ್ಟಿಕೊಂಡದ್ದು. ಅವಳು ಓದುವಾಗ ನಾನು ಮಲಗಿದ್ದೆ.